ಕೊಡಚಾದ್ರಿಗೆ ಒಬ್ಬರೇ ಹೋಗುವುದಾದರೆ

ಕೊಡಚಾದ್ರಿಗೆ ಒಬ್ಬರೇ ಹೋಗುವ ಯೋಚನೆ ಇದ್ದರೆ ಬೆಟ್ಟದ ಮೇಲೆ ಒಂದು ರಾತ್ರಿ ಉಳಿಯುವ ಹಾಗೆ ಹೋಗಿ. ಬೆಳಿಗ್ಗೆ ಕೊಲ್ಲೂರಿನಲ್ಲಿ ಜೀಪು ಹತ್ತಿ ಮಧ್ಯಾಹ್ನಕ್ಕೆ ಇಳಿದುಬಿಡುವವರೇ ಜಾಸ್ತಿ. ಮೇಲೆ ಜೀಪಿನವರು ಕಾಯುವುದು ಒಂದೂವರೆ ಗಂಟೆಯೋ ಏನೋ ಅಷ್ಟೇ. ಅಷ್ಟರೊಳಗೆ ಸರ್ವಜ್ಞ ಪೀಠದವರೆಗೆ ಏರಿ, ಫೋಟೊ ತೆಗೆದು, ಏದುಸಿರು ಬಿಡುತ್ತಾ ವಾಪಸ್ ಬರಬೇಕು. ನಮ್ಮ ವಯಸ್ಸಿನವರು ಒಬ್ಬರೇ ಹೊರಡುವುದು ಸ್ವಲ್ಪ ಸುಮ್ನೆ ಕೂರೋಣ ಅಂತ ಅಲ್ವಾ? ಅದಕ್ಕೆ ಸಂಜೆ, ರಾತ್ರಿ ಎರಡೂ ಬೇಕು.

ಬೆಂಗಳೂರಿನಿಂದ ಕೊಲ್ಲೂರಿಗೆ ರಾತ್ರಿ ಬಸ್ಸುಗಳಿವೆ. ನಾನು ತಾಳಗುಪ್ಪದ ರೈಲು ಹಿಡಿದು ಬೆಳಗಿನ ಜಾವ ಸಾಗರದಲ್ಲಿ ಇಳಿದೆ. ಅಲ್ಲಿಂದ ಎರಡು ದಾರಿ. ಹೊಸನಗರ, ನಗರ, ನಿಟ್ಟೂರಿನ ಮೇಲೆ ಹೋದರೆ ನಗರದಲ್ಲಿ ಶಿವಪ್ಪನಾಯಕನ ಕೋಟೆ ನೋಡಬಹುದು. ಇನ್ನೊಂದು ಸಿಗಂದೂರಿನ ದಾರಿ. ಅಂಬಾರಗೊಡ್ಲು–ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈನಲ್ಲಿ ಶುರುವಾದ ಮೇಲೆ ಲಾಂಚಿಗೆ ಕಾಯುವ ಕೆಲಸ ತಪ್ಪಿದೆ. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, ಎರಡೂ ಬದಿ ಶರಾವತಿಯ ಹಿನ್ನೀರು. ನಾನು ಇದೇ ದಾರಿ ಹಿಡಿದೆ. ಕಾರಣ ಮುಂದೆ ಹೇಳುತ್ತೇನೆ.

ಜೀಪಿನ ವಿಷಯದಲ್ಲಿ ಒಂಟಿ ಪ್ರಯಾಣಿಕರಿಗೆ ಸ್ವಲ್ಪ ತಾಳ್ಮೆ ಬೇಕು. ತಲೆ ಲೆಕ್ಕದಲ್ಲಿ ದುಡ್ಡು, ಜೀಪು ತುಂಬುವವರೆಗೆ ಹೊರಡುವುದಿಲ್ಲ. ಬೆಳಿಗ್ಗೆ ಬೇಗ ಹೋದರೆ ದೇವಸ್ಥಾನಕ್ಕೆ ಬಂದ ಯಾವುದಾದರೂ ಕುಟುಂಬದ ಜೊತೆ ಸೀಟು ಸಿಗುತ್ತದೆ. ಮೇಲೆ ಉಳಿಯುತ್ತೇನೆ, ನಾಳೆ ಯಾವ ಜೀಪಿನಲ್ಲಾದರೂ ಇಳಿಯುತ್ತೇನೆ ಅಂತ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಕಟ್ಟಿನಹೊಳೆ ದಾಟಿದ ಮೇಲೆ ಅದು ರಸ್ತೆಯೇ ಅಲ್ಲ, ಬರೀ ಬಂಡೆ, ಕೊರಕಲು. ನಮ್ಮ ಡ್ರೈವರ್ ಒಂದೊಂದು ಕಲ್ಲಿನ ಮುಂದೆಯೂ ಗಾಡಿ ನಿಧಾನ ಮಾಡಿ, ಮುಂದಿನ ಚಕ್ರ ಕಲ್ಲಿನ ಮೇಲೆ ಕೂತಿದ್ದು ಖಾತ್ರಿಯಾದ ಮೇಲೇ ಆಕ್ಸಿಲರೇಟರ್ ತುಳಿಯುತ್ತಿದ್ದರು. ಸೊಂಟ ನೋವಿದ್ದವರು ಹಿಂದೆ ಕೂರದೆ ಮುಂದಿನ ಸೀಟು ಕೇಳಿಕೊಳ್ಳಿ. ಕಾಲು ಗಟ್ಟಿ ಇದ್ದರೆ ಇದೇ ದಾರಿಯಲ್ಲಿ ನಡೆದೂ ಹತ್ತಬಹುದು. ಆದರೆ ಹಿಡ್ಲುಮನೆ ಜಲಪಾತದ ಪಕ್ಕದ ದಾರಿಗೆ ಒಬ್ಬರೇ ಹೋಗಬೇಡಿ. ಕಲ್ಲು ಜಾರುತ್ತದೆ, ಬಿದ್ದರೆ ಕೂಗಿದರೂ ಕೇಳುವವರಿಲ್ಲ.

ಉಳಿಯಲು ಮೇಲೆ ಸರ್ಕಾರಿ ಬಂಗಲೆ ಇದೆ, ದೇವಸ್ಥಾನದ ಭಟ್ಟರ ಮನೆ ಇದೆ. ಮೊದಲೇ ಕೇಳಿಕೊಂಡು ಹೋಗಿ. ಭಟ್ಟರ ಮನೆಯಲ್ಲಿ ಅನ್ನ, ಸಾರು, ಮಜ್ಜಿಗೆ, ಉಪ್ಪಿನಕಾಯಿ ಬಡಿಸಿದರು. ಹಸಿದಿದ್ದೆ, ಮೂರು ಸಲ ಹಾಕಿಸಿಕೊಂಡೆ. ಹಾಸಿಗೆ ಸಾದಾ. ಚಳಿಗಾಲದಲ್ಲಿ ಹೋಗುವವರು ಒಂದು ದಪ್ಪ ಕಂಬಳಿ ಇಟ್ಟುಕೊಳ್ಳಿ, ಗಾಳಿ ಜೋರು.

ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಎತ್ತರದ ಕಬ್ಬಿಣದ ಕಂಬವಿದೆ. ಅವಸರ ಇಲ್ಲದಿದ್ದರೆ ಅದರ ಹತ್ತಿರ ನಿಂತು ನೋಡಿ. ಇಲ್ಲಿನ ಮಳೆ ಎಂಥದ್ದು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಆ ಮಳೆಯಲ್ಲಿ ಎಷ್ಟೋ ಕಾಲದಿಂದ ನೆನೆದ ಕಬ್ಬಿಣ ತುಕ್ಕಿಗೆ ಕರಗದೆ ನಿಂತಿದೆ.

ಸಂಜೆ ನಾಲ್ಕರ ನಂತರ ಜೀಪುಗಳು ಒಂದೊಂದೇ ಇಳಿಯತೊಡಗಿದ ಮೇಲೆ ಸರ್ವಜ್ಞ ಪೀಠಕ್ಕೆ ನಿಧಾನವಾಗಿ ಏರಿದೆ. ಶಂಕರಾಚಾರ್ಯರು ಕೂತಿದ್ದರು ಎನ್ನುವ ಜಾಗ. ಸಣ್ಣ ಕಲ್ಲಿನ ಮಂಟಪ, 1343 ಮೀಟರ್ ಎತ್ತರ, ಸುತ್ತ ಹುಲ್ಲು. ಸೂರ್ಯ ಮುಳುಗುವ ಹೊತ್ತಿಗೆ ಅಲ್ಲಿ ಉಳಿದವರೆಲ್ಲ ಸಮುದ್ರದ ಕಡೆ ಮುಖ ಮಾಡುತ್ತಾರೆ. ನಾನು ಈಚೆ ಬದಿಗೆ ತಿರುಗಿ ಕೂತೆ. ದೂರದಲ್ಲಿ ಬೆಟ್ಟಗಳ ನಡುವೆ ಹಿನ್ನೀರು ತುಂಡು ತುಂಡಾಗಿ ಹೊಳೆಯುತ್ತಿತ್ತು.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಮ್ಮಜ್ಜನ ಮನೆ, ಗದ್ದೆ, ಅಡಿಕೆ ತೋಟ ಆ ನೀರಿನ ಅಡಿಯಲ್ಲಿವೆ. ಊರು ಬಿಟ್ಟಾಗ ಅಜ್ಜನಿಗೆ 46 ವರ್ಷ. ನನಗೂ ಈಗ ಅಷ್ಟೇ. ದನ, ಪಾತ್ರೆ, ಬಾಗಿಲ ದಾರಂದ ಎಲ್ಲ ಲಾರಿಗೆ ಹೇರಿಕೊಂಡು ಶಿವಮೊಗ್ಗದ ಕಡೆಗೆ ಬಂದು, ಕಾಡು ಕಡಿದು, ಬೇರು ಕಿತ್ತು, ಮೊದಲಿಂದ ಶುರು ಮಾಡಿದರು. ಚಿಕ್ಕಂದಿನಿಂದ ಕೇಳಿದ ಕಥೆ ಇದು. ಅಜ್ಜ ಅಂದರೆ ಮುದುಕ ಅಂತಲೇ ನನ್ನ ಮನಸ್ಸಿನಲ್ಲಿತ್ತು. ಆ ಲಾರಿಯಲ್ಲಿ ಕೂತಿದ್ದವರು ನನ್ನದೇ ವಯಸ್ಸಿನ ಗಂಡಸು ಅಂತ ಅವತ್ತು ಮೊದಲ ಸಲ ಹೊಳೆಯಿತು.

ನಾನು ಬೆಟ್ಟಕ್ಕೆ ಹೋದದ್ದು ಒಂದು ತೀರ್ಮಾನಕ್ಕಾಗಿ. ಕೆಲಸದಲ್ಲಿ ಬಡ್ತಿ ಕೊಟ್ಟು ಹೈದರಾಬಾದಿಗೆ ಕಳಿಸುವ ಮಾತು ನಡೆದಿತ್ತು. ಮಗ ಪಿಯುಸಿಯಲ್ಲಿದ್ದಾನೆ. ಶಿವಮೊಗ್ಗದಲ್ಲಿರುವ ಅಮ್ಮನಿಗೆ ಮಂಡಿ ನೋವು. ಹೋಗಲು ನನಗೂ ಮನಸ್ಸಿರಲಿಲ್ಲ. ಆದರೆ ಈ ವಯಸ್ಸಿನಲ್ಲಿ ಬೇಡ ಅಂದರೆ ಹಿಂದೆ ಬಿದ್ದ ಹಾಗೆ, ಜೊತೆಯವರ ಮುಂದೆ ಸಣ್ಣವನಾದ ಹಾಗೆ ಅನ್ನುವ ಭಯ. ಅಜ್ಜನಿಗೆ ಉಳಿಯುವ ದಾರಿಯೇ ಇರಲಿಲ್ಲ. ನನಗೆ ಇತ್ತು. ಇದ್ದೂ ಯಾರೋ ಎಬ್ಬಿಸಿ ಕಳಿಸುತ್ತಿದ್ದಾರೆ ಎನ್ನುವ ಹಾಗೆ ಹೊರಟಿದ್ದೆ. ಕತ್ತಲಾಗುವವರೆಗೆ ಅಲ್ಲೇ ಕೂತು, ಹೋಗುವುದಿಲ್ಲ ಅಂತ ನಿರ್ಧಾರ ಮಾಡಿದೆ. ಅದೇನು ದೊಡ್ಡ ತ್ಯಾಗವಲ್ಲ. ಆದರೆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಪೀಠದಿಂದ ಇಳಿಯುವಾಗ ಕತ್ತಲಾಗಿರುತ್ತದೆ, ಟಾರ್ಚ್ ಕೈಯಲ್ಲಿರಲಿ. ಪೀಠದಿಂದ ಕೆಳಗಿರುವ ಚಿತ್ರಮೂಲ ಗುಹೆಯ ಇಳಿಜಾರು ಕಡಿದಾಗಿದೆ, ಅದನ್ನು ಬೆಳಿಗ್ಗೆ ಯಾರಾದರೂ ಜೊತೆ ಸಿಕ್ಕರೆ ಮಾತ್ರ ನೋಡಿ. ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನದು ಕಾಣುವುದಿಲ್ಲ, ಇಂಬಳದ ಕಾಟ ಬೇರೆ. ಹೋಗಲೇಬೇಕೆಂದರೆ ಉದ್ದ ಕಾಲುಚೀಲ, ಉಪ್ಪು ಮರೆಯಬೇಡಿ. ಚಾರಣದ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಮೇಲೆ ಫೋನ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ, ಯಾವಾಗ ಇಳಿಯುತ್ತೀರಿ ಅಂತ ಮನೆಯಲ್ಲಿ ಹೇಳಿ ಹೋಗಿ. ನಗದು ಇಟ್ಟುಕೊಳ್ಳಿ.

ಇನ್ನು ರಜೆಯ ಲೆಕ್ಕ. ಶುಕ್ರವಾರ ರಾತ್ರಿ ಹೊರಟರೆ ಸೋಮವಾರ ಬೆಳಿಗ್ಗೆ ಬೆಂಗಳೂರು ಸೇರುತ್ತೀರಿ. ಸ್ಟೇಷನ್ನಿನಿಂದ ನೇರ ಆಫೀಸಿಗೆ ಹೋಗಬೇಡಿ, ಸೋಮವಾರವೂ ರಜೆ ಹಾಕಿ. ಹೆಂಡತಿಗೆ ಫೋನಿನಲ್ಲಿ ಹೇಳುವ ವಿಷಯ ಇದಲ್ಲ ಅಂತ ನಾನು ಮನೆಗೆ ಬಂದೇ ಹೇಳಿದೆ, ಮಾತು ಮುಗಿಯುವಾಗ ಮಧ್ಯಾಹ್ನವಾಗಿತ್ತು.