ಓಟಿ ನಿಂತ ತಿಂಗಳು: ಕೆಲಸಗಾರರು ಕೈಬಿಟ್ಟು ಹೋಗದಂತೆ ಏನು ಮಾಡಬೇಕು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಮೆಷಿನ್ ಶಾಪ್‌ಗಳಲ್ಲಿ (ಲೋಹದ ಬಿಡಿಭಾಗ ಮಾಡುವ ಕಾರ್ಖಾನೆಗಳಲ್ಲಿ) ಆರ್ಡರ್ ಇಳಿದಾಗ ಮೊದಲು ನಿಲ್ಲುವುದು ಓಟಿ, ಅಂದರೆ ಓವರ್‌ಟೈಮ್. ಮಾಲೀಕರ ಲೆಕ್ಕದಲ್ಲಿ ಅದು ಸಂಬಳ ಕಡಿತವೇ ಅಲ್ಲ. ಆದರೆ 22,000 ರೂಪಾಯಿ ಸಂಬಳದ ಆಪರೇಟರ್ ಮನೆಯ ಲೆಕ್ಕ ನೋಡಿ. 26 ದಿನ, ದಿನಕ್ಕೆ 8 ಗಂಟೆ ಅಂದರೆ ಗಂಟೆಗೆ ಸುಮಾರು 106 ರೂಪಾಯಿ. ಓಟಿಗೆ ಡಬಲ್, 212. ತಿಂಗಳಿಗೆ 40 ಗಂಟೆ ಮಾಡುತ್ತಿದ್ದವನಿಗೆ 8,500ರ ಹತ್ತಿರ ಬರುತ್ತಿತ್ತು. ದಾಸರಹಳ್ಳಿಯ ಮನೆ ಬಾಡಿಗೆ, ಚೀಟಿ ಕಂತು ನಡೆಯುವುದು ಆ ದುಡ್ಡಿನಲ್ಲೇ. ಅಂಥವನ ಮುಂದೆ ‘ನಾವೆಲ್ಲ ಒಂದೇ ಕುಟುಂಬ’ ಅಂತ ಭಾಷಣ ಮಾಡಿ ಪ್ರಯೋಜನವಿಲ್ಲ.

ಇರುವಷ್ಟು ಓಟಿಯನ್ನು ಹಂಚಿ. ಬಿಟ್ಟರೆ ಸೂಪರ್‌ವೈಸರ್ ತನಗೆ ಬೇಕಾದ ನಾಲ್ವರನ್ನೇ ಪ್ರತಿಸಲ ಕೂರಿಸುತ್ತಾನೆ. 160 ಗಂಟೆ ಉಳಿದಿದ್ದರೆ ನಾಲ್ವರಿಗೆ 40ರಂತೆ ಬೇಡ, 16 ಜನಕ್ಕೆ 10ರಂತೆ ಕೊಡಿ. ಪಟ್ಟಿಯನ್ನು ಪಂಚಿಂಗ್ ಮೆಷಿನ್ ಪಕ್ಕದಲ್ಲೇ ಅಂಟಿಸಿ. ಎಲ್ಲರಿಗೂ ಎಲ್ಲ ಮೆಷಿನ್ ಬರುವುದಿಲ್ಲ ಅನ್ನುವ ತೊಡಕು ಇದ್ದೇ ಇದೆ. ಖಾಲಿ ದಿನಗಳು ಉಪಯೋಗಕ್ಕೆ ಬರುವುದು ಇಲ್ಲೇ. ಟರ್ನಿಂಗ್ ಸೆಂಟರ್ (ಕಂಪ್ಯೂಟರ್ ಲೇತ್) ಆಪರೇಟರ್‌ನನ್ನು ವಿಎಂಸಿ (ಕಂಪ್ಯೂಟರ್ ಮಿಲ್ಲಿಂಗ್ ಮೆಷಿನ್) ಮೇಲೆ ನಿಲ್ಲಿಸಿ ಕಲಿಸಿ. ಮೊದಲು ಲೋಡಿಂಗ್, ಆಮೇಲೆ ಆಫ್‌ಸೆಟ್ (ಮೆಷಿನ್‌ಗೆ ಕೊಡುವ ಟೂಲ್ ಅಳತೆ) ತಿದ್ದುವುದು, ಕೊನೆಗೆ ಸೆಟ್ಟಿಂಗ್, ಅಂದರೆ ಹೊಸ ಕೆಲಸಕ್ಕೆ ಮೆಷಿನ್ ಹೊಂದಿಸುವುದು.

ನಿಂತ ಮೆಷಿನ್‌ಗೂ ಕೆಲಸ ಇರುತ್ತದೆ. ವಾರಗಟ್ಟಲೆ ನಿಂತರೆ ಕೂಲೆಂಟ್ (ಟೂಲ್ ತಂಪಾಗಿಡುವ ದ್ರವ) ಮೇಲೆ ಎಣ್ಣೆ ಪದರ ಕಟ್ಟಿ, ಒಳಗೆ ಗಾಳಿಯಾಡದೆ ಬ್ಯಾಕ್ಟೀರಿಯಾ ಬೆಳೆದು ಟ್ಯಾಂಕ್ ನಾರುತ್ತದೆ. ಟ್ಯಾಂಕ್ ಖಾಲಿ ಮಾಡಿಸಿ ತೊಳೆಸುವುದು, ಚೂರು ಒಳಹೋಗದಂತೆ ತಡೆಯುವ ವೈಪರ್ ಬದಲಿಸುವುದು, ಬ್ಯಾಕ್‌ಲ್ಯಾಶ್ (ಸ್ಕ್ರೂ ಸಡಿಲ) ನೋಡುವುದು, ಸೆಟ್ಟರ್ (ಮೆಷಿನ್ ಹೊಂದಿಸುವವನು) ತಲೆಯಲ್ಲಿ ಮಾತ್ರ ಇರುವ ಸೆಟಪ್‌ಗಳನ್ನು ಕಾಗದಕ್ಕೆ ಇಳಿಸುವುದು, ಇವೆಲ್ಲ ಮರ್ಯಾದೆಯ ಕೆಲಸಗಳು. ಸೆಟ್ಟರ್ ಕೈಲಿ ಕಾಂಪೌಂಡ್‌ನ ಹುಲ್ಲು ಕೀಳಿಸಿದರೆ ಅವನು ಸಂಜೆಯೇ ಬೇರೆ ಕಡೆ ಫೋನ್ ಮಾಡುತ್ತಾನೆ. ಕಷ್ಟಕಾಲದಲ್ಲಿ ಮೊದಲು ಹೋಗುವವರು ಅವರೇ, ಬೇರೆಡೆ ಕೆಲಸ ಸಿಗುವವರು.

ಸಂಬಳದ ತಾರೀಖು ಅಲುಗಾಡಬಾರದು. ಮುಂದಿನ ತಿಂಗಳ 7ರೊಳಗೆ ಕೊಡಬೇಕೆನ್ನುವುದು ಕಾಯ್ದೆ. ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಘಟಕಕ್ಕೆ ಗ್ರಾಹಕರಿಂದ ಬಿಲ್ ದುಡ್ಡು ಹೆಚ್ಚೆಂದರೆ 45 ದಿನದಲ್ಲಿ ಬರಬೇಕು. 90 ಆಗುವುದೂ ಉಂಟು. ಹಾಗಾಗಿ ಓವರ್‌ಡ್ರಾಫ್ಟ್‌ನಲ್ಲಿ ಒಂದು ತಿಂಗಳ ಸಂಬಳದಷ್ಟನ್ನು ಮುಟ್ಟದೆ ಇಟ್ಟಿರಿ. ದೊಡ್ಡ ಗ್ರಾಹಕರು ಟ್ರೆಡ್ಸ್‌ನಲ್ಲಿ (ಬಾಕಿ ಬಿಲ್ಲಿಗೆ ಬ್ಯಾಂಕುಗಳು ಮೊದಲೇ ದುಡ್ಡು ಕೊಡುವ ಆನ್‌ಲೈನ್ ವೇದಿಕೆ) ಇದ್ದರೆ ಬಿಲ್ಲನ್ನು ಅಲ್ಲೇ ಡಿಸ್ಕೌಂಟ್ ಮಾಡಿಸಿ. ಬಡ್ಡಿ ಹೋದರೂ ದುಡ್ಡು ಬೇಗ ಬರುತ್ತದೆ. ಪಿಎಫ್ ಹಿಡಿದು ಕಟ್ಟದೇ ಇರುವುದಂತೂ ಬೇಡವೇ ಬೇಡ. 15ನೇ ತಾರೀಖು ದಾಟಿದ್ದು ಈಗ ಫೋನಿನ ಪಾಸ್‌ಬುಕ್‌ನಲ್ಲೇ ಗೊತ್ತಾಗಿಬಿಡುತ್ತದೆ.

ಟೀ ಜೊತೆಗಿನ ಬಿಸ್ಕೆಟ್ ನಿಲ್ಲಿಸುವ ಬುದ್ಧಿವಂತರೂ ಇದ್ದಾರೆ! 50 ಜನಕ್ಕೆ ದಿನಕ್ಕೊಂದು 5 ರೂಪಾಯಿ ಪ್ಯಾಕೆಟ್, ತಿಂಗಳಿಗೆ 6,500. ಬೇಸರದಲ್ಲಿದ್ದವನು ಆಫ್‌ಸೆಟ್ ತಪ್ಪು ಹೊಡೆದು ಒಮ್ಮೆ ಸ್ಪಿಂಡಲ್ (ಮೆಷಿನ್‌ನ ತಿರುಗುವ ಮುಖ್ಯ ಭಾಗ) ಗುದ್ದಿಸಿದರೆ ವರ್ಷದ ಬಿಸ್ಕೆಟ್ ದುಡ್ಡು ಹೋಯಿತು.

ಇನ್ನು ಗಾಳಿಸುದ್ದಿ. ಮಧ್ಯಾಹ್ನ 2ಕ್ಕೆ ಶಿಫ್ಟ್ ಬದಲಾಗುವಾಗ ಯಾರೋ ಒಬ್ಬ ಕೇಳಿಯೇ ಕೇಳುತ್ತಾನೆ: ‘ಏನ್ ಸಾರ್, ಸೆಕೆಂಡ್ ಶಿಫ್ಟ್ ಬಂದ್ ಮಾಡ್ತಾರಂತೆ?’ ‘ಅದೆಲ್ಲ ನಿಂಗ್ಯಾಕಪ್ಪ, ಕೆಲಸ ನೋಡು’ ಅಂದರೆ ಸುದ್ದಿ ಖಾತ್ರಿಯಾದಂತೆಯೇ. ‘ಈ ತಿಂಗಳ ಕೊನೆವರೆಗೆ ಎರಡೂ ಶಿಫ್ಟ್‌ಗೆ ಲೋಡ್ ಇದೆ. ಮುಂದಿನ ಷೆಡ್ಯೂಲ್ 20ಕ್ಕೆ ಬರುತ್ತೆ, ಅವತ್ತೇ ಹೇಳ್ತೀನಿ’ ಅನ್ನಬೇಕು. ಷೆಡ್ಯೂಲ್ ಬರದಿದ್ದರೂ 20ಕ್ಕೆ ಬಂದು, ಬಂದಿಲ್ಲ ಅಂತಲೇ ಹೇಳಬೇಕು. ಅವತ್ತು ತಲೆಮರೆಸಿಕೊಂಡರೆ ಮುಂದೆ ಹೇಳಿದ್ದನ್ನು ಯಾರೂ ನಂಬುವುದಿಲ್ಲ.

ಬೋನಸ್ ವಿಷಯವನ್ನು ಆಗಸ್ಟ್‌ನಲ್ಲೇ ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಬೋನಸ್ ಕಾನೂನಿಗೆ ಒಳಪಟ್ಟ ಕಾರ್ಖಾನೆಯಲ್ಲಿ ನಷ್ಟವಿದ್ದರೂ ಅರ್ಹರಿಗೆ ಕನಿಷ್ಠ 8.33% ತಪ್ಪಿಸುವ ಹಾಗಿಲ್ಲ. ಮಾರ್ಚ್‌ಗೆ ಲೆಕ್ಕ ಮುಗಿದ ವರ್ಷದ್ದನ್ನು ನವೆಂಬರ್ 30ರವರೆಗೆ ಕೊಡಲು ಅವಕಾಶವಿದೆ, ಆದರೆ ಪೀಣ್ಯದಲ್ಲಿ ಜನ ಎದುರು ನೋಡುವುದು ಆಯುಧಪೂಜೆಗೆ. ಹೋದ ವರ್ಷ 15% ಕೊಟ್ಟು ಈ ಸಲ 8.33% ಮಾತ್ರ ಅನ್ನುವುದಾದರೆ, ಮೆಷಿನ್‌ಗೆ ಬಾಳೆಕಂದು ಕಟ್ಟುವ ದಿನ ಆ ಸುದ್ದಿ ಒಡೆಯಬೇಡಿ. ಹಬ್ಬದ ಸೀರೆ, ಊರಿನ ಬಸ್ ಟಿಕೆಟ್‌ಗೆ ಅಷ್ಟರಲ್ಲಿ ಅವರು ಸಾಲ ಮಾಡಿಯಾಗಿರುತ್ತದೆ.