ಗಡಿಯಾರ, ಮಿದುಳು, ಕಡತ: ಬೆಂಗಳೂರಿನ ಹಳೇ ಸಂಸ್ಥೆಗಳ ನೆನಪು ಹುಡುಕಿ ನಾಲ್ಕು ದಿನ

ಮೊದಲು ನಾವು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ದಾವಣಗೆರೆಯಿಂದ ಭಾನುವಾರ ರಾತ್ರಿ ರೈಲು ಹತ್ತಿ ಸೋಮವಾರ ಬೆಳಿಗ್ಗೆ ಯಶವಂತಪುರದಲ್ಲಿ ಇಳಿದೆವು. ನಗರದ ವಸ್ತುಸಂಗ್ರಹಾಲಯಗಳು ಹೆಚ್ಚಾಗಿ ಬಾಗಿಲು ಹಾಕುವ ದಿನವೇ ಸೋಮವಾರ. ಹೋಗಲಿ, ದಾಖಲೆಗಳನ್ನಾದರೂ ನೋಡೋಣ ಎಂದು ಒಂದು ಹಳೆಯ ಸಂಸ್ಥೆಗೆ ಹೋದೆವು, ಹೆಸರು ಬೇಡ. ಮೇಜಿನ ಹಿಂದಿದ್ದವರು ತಲೆ ಎತ್ತದೆ ಕೇಳಿದ್ದು ಒಂದೇ ಮಾತು: ‘ಪತ್ರ ತಂದಿದ್ದೀರಾ?’ ಯಾವ ಪತ್ರ? ಮಗಳ ಕಾಲೇಜಿನ ಗುರುತಿನ ಚೀಟಿ ತೋರಿಸಿದರೂ ನಡೆಯಲಿಲ್ಲ. ಹೊರಗೆ ಬಂದು ಕಾಫಿ ಕುಡಿದು ಲಾಡ್ಜಿಗೆ ಹೋಗಿ ಮಲಗಿದೆವು. ಒಂದು ದಿನ ಹಾಳು.

ಆದ್ದರಿಂದ ಇಂಥ ಪ್ರವಾಸಕ್ಕೆ ಹೊರಡುವವರು ಮಂಗಳವಾರ ಬೆಳಿಗ್ಗೆ ಇಳಿಯುವ ಹಾಗೆ ಟಿಕೆಟ್ ಮಾಡಿಸಿ. ಬುಧವಾರವನ್ನು ನಿಮ್ಹಾನ್ಸ್‌ಗೆ ಮೀಸಲಿಡಿ, ಕಾರಣ ಮುಂದೆ ಹೇಳುತ್ತೇನೆ. ಕಾಗದ ಪತ್ರ ನೋಡುವ ಆಸೆಯಿದ್ದರೆ ಕಾಲೇಜಿನ ಮುಖ್ಯಸ್ಥರಿಂದಲೋ ಮಾರ್ಗದರ್ಶಕರಿಂದಲೋ ಲೆಟರ್‌ಹೆಡ್ ಮೇಲೆ, ಸಹಿ ಮೊಹರು ಸಹಿತ ಒಂದು ಶಿಫಾರಸು ಪತ್ರ ತನ್ನಿ. ಒಂದೇ ಅಲ್ಲ, ನಾಲ್ಕು ಪ್ರತಿ ಇರಲಿ. ಪ್ರತಿ ಕಡೆಯೂ ಒಂದೊಂದನ್ನು ಇಟ್ಟುಕೊಳ್ಳುತ್ತಾರೆ.

ನಾವು ಹೋಗಿದ್ದೇಕೆ ಅಂದರೆ, ಮಗಳು ಇತಿಹಾಸದಲ್ಲಿ ಎಂ.ಎ. ಮಾಡುತ್ತಿದ್ದಾಳೆ. ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳ ಕಾಲೊನಿಗಳ ಬಗ್ಗೆ ಕಿರುಪ್ರಬಂಧ ಬರೆಯಬೇಕು ಅವಳಿಗೆ. 1940ರಲ್ಲಿ ವಿಮಾನದ ಎಚ್‌ಎಎಲ್, 1948ರಲ್ಲಿ ಟೆಲಿಫೋನಿನ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸಿನ ಬಿಇಎಲ್. ಹದಿನೈದು ವರ್ಷದೊಳಗೆ ಊರಿನ ಸುತ್ತ ನಾಲ್ಕು ದೊಡ್ಡ ಕಾರ್ಖಾನೆ, ಅವುಗಳ ಜೊತೆಗೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಆಟದ ಮೈದಾನ. ನನಗಿದ್ದದ್ದು ಬೇರೆ ಕಾರಣ. ನನ್ನ ಸೋದರಮಾವ ಎಚ್‌ಎಂಟಿಯ ಗಡಿಯಾರ ಕಾರ್ಖಾನೆಯಲ್ಲಿ ಇದ್ದವರು. ಎಸ್ಸೆಸ್ಸೆಲ್ಸಿ ಪಾಸಾದಾಗ ಅವರು ಕಟ್ಟಿದ ವಾಚು ಇವತ್ತಿಗೂ ನನ್ನ ಕಪಾಟಿನಲ್ಲಿದೆ, ಕೀಲಿ ಕೊಟ್ಟರೆ ಓಡುತ್ತದೆ.

ಮಂಗಳವಾರ ಎಚ್‌ಎಂಟಿಯಿಂದಲೇ ಶುರು ಮಾಡಿದೆವು. ಯಶವಂತಪುರದಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಜಾಲಹಳ್ಳಿ, ಅಲ್ಲಿಂದ ಆಟೊ. ‘ಎಚ್‌ಎಂಟಿ ಮ್ಯೂಸಿಯಂ’ ಅಂದರೆ ಸಾಕು, ‘ಎಚ್‌ಎಂಟಿ’ ಅಂತಷ್ಟೇ ಹೇಳಿದರೆ ಆಟೊದವರು ಬಡಾವಣೆಯ ಯಾವುದೋ ಮೂಲೆಗೆ ಕರೆದೊಯ್ಯುತ್ತಾರೆ. ಮರಗಳ ನಡುವೆ ಒಂದು ಹಳೇ ಬಂಗಲೆ, ಅದರೊಳಗೆ ಸಂಗ್ರಹ. ಹೊರಗಿನ ಟ್ರಾಕ್ಟರ್ ನೋಡಿ ಮಗಳಿಗೆ ಆಶ್ಚರ್ಯ. ಎಚ್‌ಎಂಟಿ ಅಂದರೆ ವಾಚು ಮಾತ್ರ ಅಂದುಕೊಂಡಿದ್ದಳು. ಹೆಸರೇ ಹಿಂದುಸ್ತಾನ್ ಮೆಷಿನ್ ಟೂಲ್ಸ್. ಮೊದಲು ತಯಾರಿಸಿದ್ದು ಲೇತ್‌ನಂಥ ಯಂತ್ರಗಳನ್ನು, ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ. ವಾಚು ಬಂದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಜೊತೆಗಿನ ಒಪ್ಪಂದದ ಮೇಲೆ.

ಇಲ್ಲಿ ಅವಸರ ಮಾಡಬೇಡಿ. ವಾಚುಗಳ ಕೋಣೆಯಲ್ಲೇ ನಾವು ಒಂದೂವರೆ ಗಂಟೆ ಕಳೆದೆವು. ಜನತಾ, ಪೈಲಟ್, ಸೋನಾ, ಕೊಹಿನೂರ್, ಕಾಂಚನ್. ಕಾಂಚನ್ ಒಂದು ಕಾಲದಲ್ಲಿ ಅಳಿಯಂದಿರಿಗೆ ಕೊಡಲೇಬೇಕಾದ ವಾಚು, ಸಿಗುತ್ತಿರಲಿಲ್ಲ, ವಶೀಲಿ ಬೇಕಿತ್ತು. ಕಣ್ಣು ಕಾಣದವರಿಗಾಗಿ ಮಾಡಿದ ಬ್ರೈಲ್ ವಾಚು ನೋಡದೆ ಬರಬೇಡಿ: ಗಾಜಿನ ಮುಚ್ಚಳ ತೆರೆದು ಬೆರಳಿನಿಂದ ಮುಳ್ಳು ಮುಟ್ಟಿ ಹೊತ್ತು ತಿಳಿಯುವುದು. ನನ್ನ ಕೈಯಲ್ಲಿದ್ದ ಹಳೇ ವಾಚು ನೋಡಿ ಅಲ್ಲಿದ್ದ ಸಿಬ್ಬಂದಿಯೊಬ್ಬರು ಕಿವಿಯ ಹತ್ತಿರ ಹಿಡಿದು ಕೇಳಿ, ‘ಎಣ್ಣೆ ಹಾಕಿಸಿ ಎಷ್ಟು ವರ್ಷ ಆಯ್ತು ಮೇಡಂ?’ ಅಂದರು. ನಾಚಿಕೆಯಾಯಿತು. ಮನೆಯಲ್ಲಿ ಎಚ್‌ಎಂಟಿ ವಾಚಿದ್ದರೆ ಕಟ್ಟಿಕೊಂಡು ಹೋಗಿ, ಮಾತು ಶುರುವಾಗಲು ಅದಕ್ಕಿಂತ ಒಳ್ಳೇ ನೆಪ ಇಲ್ಲ.

ನಮ್ಮ ಕಡೆಯವರಿಗೆ ಒಂದು ಮಾತು. ರೈಲಿನಲ್ಲಿ ಬರುವಾಗ ತುಮಕೂರು ದಾಟುತ್ತೀರಲ್ಲ, ಅಲ್ಲೂ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ ಇತ್ತು. ಆ ಜಾಗ ಈಗ ಇಸ್ರೊ ಪಾಲಾಗಿದೆ.

ಬುಧವಾರ ನಿಮ್ಹಾನ್ಸ್. ಅಲ್ಲಿನ ಮಿದುಳಿನ ಸಂಗ್ರಹಾಲಯ ಸಾರ್ವಜನಿಕರಿಗೆ ವಾರಪೂರ್ತಿ ತೆರೆದಿರುವುದಿಲ್ಲ. ನಾವು ಹೋದಾಗ ಬುಧವಾರ ಮತ್ತು ಶನಿವಾರ ಮಾತ್ರ ಇತ್ತು, ಅದೂ ಗೊತ್ತಾದ ಹೊತ್ತಿನಲ್ಲಿ. ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ. ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದರೆ ಸುಲಭ.

ಈ ಸಂಸ್ಥೆಯ ಮೂಲ 1840ರ ದಶಕದ್ದು. ಆಗ ಇದು ಬೆಂಗಳೂರಿನ ಲೂನಟಿಕ್ ಅಸೈಲಂ, ಜನರ ಬಾಯಲ್ಲಿ ಹುಚ್ಚಾಸ್ಪತ್ರೆ. 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯಿತು, 1954ರಲ್ಲಿ ಮಾನಸಿಕ ಆರೋಗ್ಯದ ಅಖಿಲ ಭಾರತ ಸಂಸ್ಥೆ ಹುಟ್ಟಿತು, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್. ಒಂದು ಕಾಯಿಲೆಯನ್ನು ಊರು ಯಾವ ಹೆಸರಿನಿಂದ ಕರೆಯುತ್ತಿತ್ತು, ಯಾವಾಗ ಆ ಹೆಸರು ಹೇಳಲು ಹಿಂಜರಿಯಿತು ಎನ್ನುವುದು ಈ ಬೋರ್ಡುಗಳಲ್ಲೇ ಇದೆ ಎಂದು ಮಗಳು ಟಿಪ್ಪಣಿ ಮಾಡಿಕೊಂಡಳು. ನಾನಂತೂ ಅವಳಿಗೆ ಹೇಳಿಕೊಡಲಿಲ್ಲ.

ಒಳಗೆ ಸಾಲಾಗಿ ಜಾಡಿಗಳು. ಪಾರ್ಶ್ವವಾಯು ಹೊಡೆದ ಮಿದುಳು, ಗೆಡ್ಡೆ ಬೆಳೆದ ಮಿದುಳು, ಹುಳು ಸೇರಿದ ಮಿದುಳು, ಅಪಘಾತದಲ್ಲಿ ಪೆಟ್ಟು ಬಿದ್ದ ಮಿದುಳು. ಹುಳು ಸೇರಿದ ಮಿದುಳು ತೋರಿಸಿ, ತರಕಾರಿ ಚೆನ್ನಾಗಿ ತೊಳೆದು ತಿನ್ನಿ ಎಂದು ವಿವರಿಸುವವರು ಹೇಳಿದಾಗ ಗುಂಪಿನಲ್ಲಿದ್ದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಕೈಗವಸು ಕೊಟ್ಟು, ಒಂದು ನಿಜವಾದ ಮಿದುಳನ್ನು ಅಂಗೈ ಮೇಲಿಟ್ಟರು. ರಾಸಾಯನಿಕದಲ್ಲಿ ಇಟ್ಟಿದ್ದರಿಂದ ಗಟ್ಟಿಯಾಗಿ, ರಬ್ಬರಿನ ಹಾಗಿರುತ್ತದೆ. ಭಾರ ಒಂದೂಕಾಲು ಕಿಲೊ ಆಸುಪಾಸು, ಒಂದು ಎಲೆಕೋಸು ಹಿಡಿದಂತೆ. ನಾನು ಎರಡೂ ಕೈಯಲ್ಲಿ ಹಿಡಿದೆ. ಮಗಳು ಒಂದೇ ಕೈಯಲ್ಲಿ ಹಿಡಿದು, ಆಮೇಲೆ ಬಸ್ಸಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಮುಂಚೆ ಯೋಚಿಸಿ. ಊಟ ಆಮೇಲೆ ಮಾಡಿ.

ಅದೇ ಮಧ್ಯಾಹ್ನ ಎಚ್‌ಎಎಲ್ ಸಂಗ್ರಹಾಲಯಕ್ಕೂ ಹೋದದ್ದು ತಪ್ಪಾಯಿತು. ಹಳೇ ವಿಮಾನ ನಿಲ್ದಾಣ ರಸ್ತೆಯ ಟ್ರಾಫಿಕ್ಕಿನಲ್ಲಿ ಒಂದೂಕಾಲು ಗಂಟೆ ಕೂತೆವು. ಅದಕ್ಕೊಂದು ಅರ್ಧ ದಿನ ಬೇರೆಯೇ ಇಡಿ, ಬೆಳಿಗ್ಗೆ ಬೇಗ ಹೋಗಿ. ಮೆಜೆಸ್ಟಿಕ್‌ನಿಂದ 335ಇ ಬಸ್ಸು ಆ ರಸ್ತೆಯಲ್ಲೇ ಹೋಗುತ್ತದೆ. ಸಂಗ್ರಹಾಲಯ ಶುರುವಾದದ್ದು 2001ರಲ್ಲಿ. ಹೊರಗೆ ಹುಲ್ಲಿನ ಮೇಲೆ ನಿಂತ ವಿಮಾನಗಳ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ, ಆದರೆ ಒಳಗಿನ ಹಳೇ ಫೋಟೊಗಳ ಸಾಲನ್ನು ಬಿಡಬೇಡಿ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಕಟ್ಟಿದ ಕಂಪನಿ, ಯುದ್ಧಕಾಲದಲ್ಲಿ ವಿಮಾನ ದುರಸ್ತಿ ಮಾಡಿ, ಆಮೇಲೆ ಕೆಲಸವಿಲ್ಲದೆ ರೈಲು ಬೋಗಿ, ಬಸ್ಸಿನ ಬಾಡಿ ಕಟ್ಟಿ ಹೊಟ್ಟೆ ಹೊರೆದುಕೊಂಡದ್ದು ಗೊತ್ತಾಗುತ್ತದೆ. ಆ ಬೋಗಿ ವಿಭಾಗದಿಂದಲೇ 1964ರಲ್ಲಿ ಮಣ್ಣು ಅಗೆಯುವ ಯಂತ್ರ, ರೈಲು ಬೋಗಿ ಮಾಡುವ ಬಿಇಎಂಎಲ್ ಹುಟ್ಟಿತು. ವಿ.ಎಂ. ಘಾಟಗೆ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಹತ್ತು ವರ್ಷಕ್ಕೆ ಮರುತ್ ಎಂಬ ಯುದ್ಧವಿಮಾನ, ಅದರ ವಿನ್ಯಾಸ ಜರ್ಮನಿಯ ಕರ್ಟ್ ಟ್ಯಾಂಕ್ ಅವರದ್ದು.

ಗುರುವಾರದಿಂದ ಕಾಗದದ ಕೆಲಸ. ಆ ಹೊತ್ತಿಗೆ ಮಗಳ ಕಾಲೇಜಿನಿಂದ ಪತ್ರ ಬಂದಿತ್ತು, ವಾಟ್ಸಾಪಿನಲ್ಲಿ ತರಿಸಿ ಪ್ರಿಂಟ್ ಹಾಕಿಸಿದೆವು. ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ನೇರಳೆ ಮಾರ್ಗದ ವಿಧಾನಸೌಧ ನಿಲ್ದಾಣ ಹತ್ತಿರ. ಗೇಟಿನಲ್ಲಿ ತಪಾಸಣೆಗೆ ಹೊತ್ತು ಹಿಡಿಯುತ್ತದೆ, ದೊಡ್ಡ ಬ್ಯಾಗು ತರಬೇಡಿ, ಆಧಾರ್ ಕಾರ್ಡು ಕೈಯಲ್ಲಿರಲಿ. ಹಳೇ ಮೈಸೂರು ಸಂಸ್ಥಾನದ ಆಡಳಿತದ ಕಡತಗಳು ಇಲ್ಲಿವೆ. ಮುಂಬೈ ಕರ್ನಾಟಕದ್ದೋ ಹೈದರಾಬಾದ್ ಕರ್ನಾಟಕದ್ದೋ ನಿಮಗೆ ಬೇಕಿದ್ದರೆ ಮೊದಲು ಧಾರವಾಡ, ಕಲಬುರಗಿಯ ವಿಭಾಗೀಯ ಕಚೇರಿಗಳಲ್ಲಿ ವಿಚಾರಿಸಿ, ಸುಮ್ಮನೆ ಬೆಂಗಳೂರಿಗೆ ಬರಬೇಡಿ.

ಹೋಗಿ ‘ಬೆಂಗಳೂರಿನ ಕಾರ್ಖಾನೆಗಳ ಬಗ್ಗೆ ಏನಿದೆ?’ ಎಂದು ಕೇಳಿದರೆ ಯಾರೂ ಉತ್ತರ ಕೊಡಲಾರರು. ಕಡತಗಳು ವಿಷಯದ ಪ್ರಕಾರ ಇರುವುದಿಲ್ಲ, ಅವುಗಳನ್ನು ಹುಟ್ಟಿಸಿದ ಇಲಾಖೆಯ ಪ್ರಕಾರ ಇರುತ್ತವೆ. ಕಾರ್ಖಾನೆಗೆ ಜಮೀನು ಕೊಟ್ಟದ್ದು ಕಂದಾಯದವರು, ನೀರು ಕೊಟ್ಟದ್ದು ಲೋಕೋಪಯೋಗಿಯವರು. ಹಾಗೆ ಯೋಚಿಸಿ ವರ್ಷ, ಇಲಾಖೆ ಬರೆದುಕೊಂಡು ಹೋದರೆ ಸೂಚಿಯಲ್ಲಿ ಹುಡುಕುವುದು ಸುಲಭ. ಬೇಡಿಕೆ ಚೀಟಿ ಕೊಟ್ಟ ಮೇಲೆ ಕಾಯಬೇಕು. ಪೆನ್ನು ಕೂಡದು, ಪೆನ್ಸಿಲ್ ಮಾತ್ರ. ಇದು ಎಲ್ಲ ಕಡೆಯೂ ಇರುವ ರೀತಿ, ಮಸಿ ಚೆಲ್ಲಿದರೆ ಹೋಗುವುದಿಲ್ಲವಲ್ಲ. ಎಂಜಲು ಬೆರಳಿನಿಂದ ಹಾಳೆ ತಿರುಗಿಸುವ ಅಭ್ಯಾಸವಿದ್ದರೆ ಊರಲ್ಲೇ ಬಿಟ್ಟು ಬನ್ನಿ.

ಮಗಳಿಗೆ ಬಂದ ಮೊದಲ ಕಟ್ಟಿನ ಲಾಡಿ ಬಿಚ್ಚಿದಾಗ ಕಂದು ಪುಡಿ ಮೇಜಿನ ಮೇಲೆ ಉದುರಿತು, ಕಾಗದದ ಅಂಚೇ ಪುಡಿಯಾಗಿತ್ತು. ಟೈಪು ಮಾಡಿದ ಪತ್ರದ ಪಕ್ಕದಲ್ಲಿ ಯಾರೋ ಅಧಿಕಾರಿ ಮಸಿಯಲ್ಲಿ ಗೀಚಿದ್ದರು, ಅದರ ಕೆಳಗೆ ಇನ್ನೊಬ್ಬರು, ಅದರ ಕೆಳಗೆ ಮತ್ತೊಬ್ಬರು. ಪತ್ರಕ್ಕಿಂತ ಆ ಗೀಚುಗಳನ್ನು ಓದಿ. ಸರ್ಕಾರ ನಿಜವಾಗಿ ಯೋಚಿಸಿದ್ದು ಅಂಚಿನಲ್ಲಿ.

ಹತ್ತಿರದಲ್ಲೇ ನೃಪತುಂಗ ರಸ್ತೆಯಲ್ಲಿ ಇತಿಹಾಸ, ಸಂಸ್ಕೃತಿ ಅಧ್ಯಯನದ ಮಿಥಿಕ್ ಸೊಸೈಟಿ ಇದೆ, 1909ರಲ್ಲಿ ಹುಟ್ಟಿದ್ದು. ಅದರ ತ್ರೈಮಾಸಿಕದ ಹಳೇ ಸಂಪುಟಗಳಿಗಾಗಿಯೇ ಹೋಗಬಹುದು. ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸವೂ ಅಲ್ಲಿಯದೇ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗುವ ಮುಂಚೆ ತೆರೆದಿದೆಯೇ ಎಂದು ಕೇಳಿಕೊಳ್ಳಿ, ದುರಸ್ತಿಯ ಕಾರಣಕ್ಕೆ ಮುಚ್ಚಿರಬಹುದು. 1865ರ ಸಂಸ್ಥೆ ಅದು. ಮೊದಲು ದಂಡು ಪ್ರದೇಶದಲ್ಲಿತ್ತು, ಆ ಕಡೆಯ ಮ್ಯೂಸಿಯಂ ರಸ್ತೆ ಹೆಸರನ್ನು ಈಗಲೂ ಹಿಡಿದುಕೊಂಡಿದೆ. ತೆರೆದಿದ್ದರೆ 949ರ ಆತಕೂರು ವೀರಗಲ್ಲು ಹುಡುಕಿ: ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಲ್ಲಿಸಿದ ಕಲ್ಲು.

ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಾವು ಹೊರಗಿನಿಂದ ನೋಡಿದ್ದೇ ಹೆಚ್ಚು. ಆವರಣ ಸುತ್ತುವ ಆಸೆಯಿದ್ದರೆ ವರ್ಷಕ್ಕೊಮ್ಮೆ ನಡೆಯುವ ಓಪನ್ ಡೇ ನೋಡಿಕೊಂಡು ಹೊರಡಿ. ಬಳ್ಳಾರಿ ರಸ್ತೆಯ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ 2019ರಿಂದ ವಿಜ್ಞಾನದ ಇತಿಹಾಸಕ್ಕೆಂದೇ ಸಾರ್ವಜನಿಕ ಪತ್ರಾಗಾರ ಇದೆ. ಮುಂಚೆ ಬರೆದು ದಿನ ಗೊತ್ತು ಮಾಡಿಕೊಂಡು ಹೋಗುವುದು ಒಳ್ಳೆಯದು. ನಮಗೆ ಸಮಯ ಸಾಲಲಿಲ್ಲ.

ಊರಿಗೆ ಬಂದ ಮೇಲೆ ಮಾವನಿಗೆ ಮೊಬೈಲಿನಲ್ಲಿ ಎಚ್‌ಎಂಟಿ ಸಂಗ್ರಹಾಲಯದ ಫೋಟೊ ತೋರಿಸಿದೆ. ‘ಪೈಲಟ್ ಇಟ್ಟಿದಾರಾ?’ ಅಂದರು. ಇಟ್ಟಿದ್ದಾರೆ ಅಂದೆ. ಸುಮ್ಮನೆ ಎದ್ದು ಹೋಗಿ ಮಂಚದ ಕೆಳಗಿನ ಟ್ರಂಕು ಎಳೆದರು. ಸಂಬಳದ ಚೀಟಿಗಳು, ಯೂನಿಯನ್ ರಸೀದಿ, ಗೇಟ್ ಪಾಸು, ಹದಿನಾರು ಜನ ಸಾಲಾಗಿ ನಿಂತ ಒಂದು ಕಪ್ಪು ಬಿಳುಪು ಫೋಟೊ. ಹಿಂದೆ ಏನೂ ಬರೆದಿರಲಿಲ್ಲ. ಮಗಳು ಬ್ಯಾಗಿನಿಂದ ಪೆನ್ಸಿಲ್ ತೆಗೆದು, ‘ಎಡಗಡೆಯಿಂದ ಹೇಳಿ ಅಜ್ಜ’ ಅಂದಳು. ಒಂದೊಂದೇ ಹೆಸರು ಹೇಳುತ್ತಾ ಹೋದರು. ಒಂಬತ್ತನೆಯವರದ್ದು ಬರಲಿಲ್ಲ. ಊಟಕ್ಕೆ ಕೂತು ಎರಡನೇ ಸಲ ಸಾರು ಬಡಿಸುವಾಗ ನೆನಪಾಗಿ, ಎಂಜಲು ಕೈಯಲ್ಲೇ ಎದ್ದು ನಿಂತರು. ‘ಕೈ ತೊಳೆದು ಬನ್ನಿ, ಫೋಟೊ ಮುಟ್ಟಬೇಡಿ’ ಎಂದು ಮಗಳು ಕೂಗಿದಳು.