ಘಟ್ಟದ ಮರ, ಹಾರ್ಟಲ್‌ಪೂಲ್ ನೀರು

14 ಸೆಪ್ಟೆಂಬರ್ 2024, ಶನಿವಾರ

ಅಂತೂ ಟ್ರಿಂಕೋಮಲಿ ನೋಡಿಕೊಂಡು ಬಂದೆವು. ಹೆಸರು ಶ್ರೀಲಂಕಾದ ಊರಿನದು, ಕಟ್ಟಿದ್ದು ಬೊಂಬಾಯಿಯಲ್ಲಿ, ಈಗ ಇರುವುದು ಇಂಗ್ಲೆಂಡಿನ ಈ ಚಳಿಯ ಹಾರ್ಟಲ್‌ಪೂಲ್‌ನಲ್ಲಿ. 1817ರಲ್ಲಿ ನೀರಿಗಿಳಿದ ಹಡಗು. ಬ್ರಿಟನ್ನಿನ ಯುದ್ಧನೌಕೆಗಳಲ್ಲಿ ಇನ್ನೂ ತೇಲುತ್ತಿರುವ ಅತಿ ಹಳೆಯದು ಇದೇ. ವಿಕ್ಟರಿ ಎಂಬ ಯುದ್ಧನೌಕೆ ಇದಕ್ಕಿಂತ ಹಳೆಯದು ನಿಜ, ಆದರೆ ಅದು 1922ರಿಂದ ಪೋರ್ಟ್ಸ್‌ಮತ್‌ನ ನೀರಿಲ್ಲದ ಡ್ರೈ ಡಾಕ್‌ನಲ್ಲಿ ಕೂತಿದೆ.

ಇವರೂ ಪುಟ್ಟಿಯೂ ಫಿರಂಗಿ ಬಿಟ್ಟು ಕದಲಲಿಲ್ಲ. ನಾನೊಬ್ಬಳೇ ತಲೆ ಬಗ್ಗಿಸಿಕೊಂಡು ಕೆಳಗಿಳಿದೆ. ಅಲ್ಲೊಬ್ಬರು ವಯಸ್ಸಾದವರು, ಸಂಬಳವಿಲ್ಲದೆ ಬಂದು ಹಡಗು ತೋರಿಸುವವರು. ಇಂಡಿಯಾದಲ್ಲಿ ಎಲ್ಲಿ ಅಂದರು. ಶಿರಸಿ ಅಂದರೆ ಏನು ತಿಳಿಯುತ್ತೆ, ಪಶ್ಚಿಮ ಘಟ್ಟ ಅಂದೆ.

"ಹಾಗಾದ್ರೆ ಇದು ನಿಮ್ಮ ಕಡೆಯ ಮರ" ಎಂದು ತೊಲೆ ತಟ್ಟಿದರು. ಮಲಬಾರ್ ತೇಗ. ಮಲಬಾರ್ ನಮ್ಮೂರಲ್ಲ, ಆದರೂ ಘಟ್ಟ ಒಂದೇ ಅಲ್ವಾ, ತಲೆಯಾಡಿಸಿದೆ. ಓಕ್ ಮರದ ಹುಳಿ ಕಬ್ಬಿಣದ ಬೋಲ್ಟನ್ನು ತಿನ್ನುತ್ತದಂತೆ. ತೇಗದಲ್ಲಿ ಎಣ್ಣೆ ಇದೆ, ಆ ಕಾಟ ಇಲ್ಲ. ಜಮ್ಶೇಟ್‌ಜಿ ಬೊಮನ್‌ಜಿ ವಾಡಿಯಾ ಎಂದು ಇದನ್ನು ಕಟ್ಟಿದವರ ಹೆಸರನ್ನು ಅವರು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. 1816ರಲ್ಲಿ ಅಡಿಮರ ಇಡುವಾಗ ಪಾರ್ಸಿ ಪದ್ಧತಿಯಂತೆ ಬೆಳ್ಳಿ ಮೊಳೆ ಹೊಡೆದರಂತೆ. ನಮ್ಮಲ್ಲಿ ಬಾಗಿಲು ನಿಲ್ಲಿಸುವಾಗ ಪೂಜೆ ಮಾಡುವ ಹಾಗೆಯೇ. ನನಗೆ ಇದ್ಯಾವುದೂ ಗೊತ್ತಿರಲಿಲ್ಲ.

ಇದನ್ನು ಕಟ್ಟಲು ಇಂಗ್ಲೆಂಡಿನಿಂದ ಬೊಂಬಾಯಿಗೆ ಮೊದಲು ಕಳಿಸಿದ ನಕ್ಷೆ ಜಾವಾ ಎಂಬ ಹಡಗಿನಲ್ಲಿತ್ತು. 1812ರಲ್ಲಿ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಎಂಬ ಯುದ್ಧನೌಕೆ ಅದನ್ನು ಸೋಲಿಸಿತು, ನಕ್ಷೆಯೂ ಹೋಯಿತು. ಎರಡನೇ ಸಲ ಕಳಿಸಿ, ಕಟ್ಟಿ ಮುಗಿಸುವಷ್ಟರಲ್ಲಿ ನೆಪೋಲಿಯನ್ ಜೊತೆಗಿನ ಯುದ್ಧವೇ ಮುಗಿದಿತ್ತು. ಇಂಗ್ಲೆಂಡಿಗೆ ಬಂದಮೇಲೆ ಕಾಲು ಶತಮಾನ ಸುಮ್ನೆ ನಿಂತಿತ್ತು. ಆ ಕಾನ್‌ಸ್ಟಿಟ್ಯೂಷನ್ನೂ ಬಾಸ್ಟನ್‌ನಲ್ಲಿ ಇನ್ನೂ ಇದೆ, ನೋಡಿ!

ಒಳಗೊಳಗೇ ಸಿಟ್ಟೂ ಬಂತು. ಮರ ನಮ್ಮದು, ಕೈ ನಮ್ಮದು, ಯುದ್ಧ ಮಾತ್ರ ಅವರದು. ಆದರೆ ಈ ಅಜ್ಜನ ಮೇಲೆ ಹೇಗೆ ಸಿಟ್ಟಾಗಲಿ? ಇದು ಹಡಗು ಕಟ್ಟುತ್ತಿದ್ದ ಊರು. ಆ ಕೆಲಸ ಅರವತ್ತರ ದಶಕದಲ್ಲೇ ನಿಂತಿತು. 1987ರಲ್ಲಿ ಹಾಳುಬಿದ್ದ ಇದನ್ನು ತಂದು, 2001ರ ಹೊತ್ತಿಗೆ ರಿಪೇರಿ ಮುಗಿಸಿದರು. "ಸಮುದ್ರದ ನೀರಿಗೆ ನಾವು ಹೆದರಲ್ಲ, ಮಳೆಗೆ ಹೆದರ್ತೀವಿ" ಅಂದರು ಅಜ್ಜ. ಸಿಹಿನೀರು ಇಳಿದರೆ ಮರ ಕೊಳೆಯುತ್ತದೆ. ಹಲಗೆಗಳ ಸಂದಿಗೆ ತುಂಬಿದ ಕಪ್ಪು ಅಂಟನ್ನು ಉಗುರಿನಿಂದ ಒತ್ತಿ ತೋರಿಸಿದರು. ಒಂದು ಕಡೆ ಬಿರುಕು. ಅವರ ಮುಖ ಸಣ್ಣಗಾಯಿತು.

ಬರುವಾಗ ಕಾರಿನಲ್ಲಿ ಪುಟ್ಟಿಗೆ ವಾಂತಿ. ಚಿಪ್ಸ್ ಜಾಸ್ತಿಯಾಯಿತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿ, "ತೋಟದಂಚಿನ ತೇಗ ಕಡಿಸೋಣ ಅಂತಿದಾನೆ ನಿನ್ನ ತಮ್ಮ, ಅರಣ್ಯ ಇಲಾಖೆಗೆ ಅರ್ಜಿನೂ ಬರೆದಿಟ್ಟಿದಾನೆ" ಅಂದರು. ನಿಮಗೇನನ್ನಿಸುತ್ತೆ ಅಂದೆ. "ನಂದೇನಿದೆ" ಅಂದರು. ಅಪ್ಪ ಹಾಗಂದರೆ ಇಷ್ಟವಿಲ್ಲ ಅಂತಲೇ ಅರ್ಥ. ನಾಳೆ ತಮ್ಮನ ಹತ್ತಿರ ಮಾತಾಡಬೇಕು. ಆದರೆ ಅಲ್ಲಿ ಸಾಲ ತೀರಿಸೋನು ಅವನು, ಇಲ್ಲಿ ಕೂತು ನಾನು ಯಾವ ಬಾಯಲ್ಲಿ